ನೆಲದ ಸಿರಿ, ಜನದ ಪಾಲು

ಒಂದು ನಾಡಿನ ಸಂಪತ್ತನ್ನು ಅಳೆಯುವುದು ಹೇಗೆ? ಭೂಗೋಳದ ಪುಸ್ತಕವು ಅದರ ನದಿ, ಬೆಟ್ಟ, ಬೆಳೆಗಳನ್ನು ಎಣಿಸಿ ಹೇಳುತ್ತದೆ. ಆ ಎಣಿಕೆ ಅಗತ್ಯವೇ. ಆದರೆ ಅಷ್ಟರಿಂದಲೇ ನಾಡು ಸಿರಿವಂತವೆನಿಸದು. ಅಲ್ಲಿಯ ನೀರು ಯಾರ ಹೊಲಕ್ಕೆ ಹರಿಯುತ್ತದೆ, ಅಲ್ಲಿಯ ಮಣ್ಣು ಯಾರ ಹಸಿವನ್ನು ಹಿಂಗಿಸುತ್ತದೆ ಎಂಬುದನ್ನೂ ಕೇಳಬೇಕು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯ ಸೀಮೆಯನ್ನು ಈ ದೃಷ್ಟಿಯಿಂದ ನೋಡೋಣ.

ಪ್ರಕೃತಿಯು ಈ ಸೀಮೆಗೆ ಧಾರಾಳವಾಗಿ ಕೊಟ್ಟಿದೆ. ಕೊಡಗಿನಿಂದ ಇಳಿದ ಕಾವೇರಿಯು ಚುಂಚನಕಟ್ಟೆಯಲ್ಲಿ ಧುಮುಕಿ, ನಾಲೆಗಳ ಮೂಲಕ ಕೃಷ್ಣರಾಜನಗರದ ಬತ್ತದ ಗದ್ದೆಗಳನ್ನು ತಣಿಸುತ್ತದೆ. ಲಕ್ಷ್ಮಣತೀರ್ಥವು ಹುಣಸೂರನ್ನು ಹಾದುಹೋಗುತ್ತದೆ. ವಯನಾಡಿನಿಂದ ಬರುವ ಕಬಿನಿಯು ಕೋಟೆ ಸೀಮೆಯನ್ನು ಪ್ರವೇಶಿಸುತ್ತದೆ. ಪಡುವಣಕ್ಕೆ ನಾಗರಹೊಳೆಯ ಕಾಡಿದೆ. ಅಲ್ಲಿ ಬೆಳೆಯುವ ತೇಗವು ಲೋಕದಲ್ಲಿ ಸಹಜವಾಗಿ ಹುಟ್ಟುವುದು ನಾಲ್ಕೇ ದೇಶಗಳಲ್ಲಿ: ಭಾರತ, ಮ್ಯಾನ್ಮಾರ್, ಥಾಯ್ಲೆಂಡ್ ಮತ್ತು ಲಾವೋಸ್.

ಇಲ್ಲಿಯ ಮಳೆಯಾಶ್ರಿತ ಕೆಂಪು ಮಣ್ಣು ರಾಗಿ, ಅವರೆಗಳ ಜೊತೆಗೆ ವರ್ಜೀನಿಯಾ ಹೊಗೆಸೊಪ್ಪಿಗೂ ಒಗ್ಗಿದೆ. ಮುಂಗಾರಿನ ಮೊದಲ ಮಳೆಗಳಲ್ಲಿ ಸಸಿ ನೆಟ್ಟು, ಎಲೆ ಬಲಿತಂತೆ ಕೆಳಗಿನಿಂದ ಮೇಲಕ್ಕೆ ಕಿತ್ತು, ಬ್ಯಾರನ್ನಿನಲ್ಲಿ ಹಲವು ದಿನ ಬಿಸಿಯಲ್ಲಿ ಹದಗೊಳಿಸುತ್ತಾರೆ. ಅದಕ್ಕೆ ಹೇರಳವಾಗಿ ಸೌದೆ ಬೇಕು, ಮರ ತೀರುತ್ತದೆ. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿಯು ಹರಾಜು ನಡೆಸುತ್ತದೆ. ಆದರೆ ಬೆಲೆಯು ಬಹುಮಟ್ಟಿಗೆ ಹೊರದೇಶಗಳ ಬೇಡಿಕೆಯನ್ನು ಅವಲಂಬಿಸಿದೆ. ತಂಬಾಕನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತವೂ 2004ರಲ್ಲಿ ಅನುಮೋದಿಸಿದೆ. ಹಾಗೆಂದು ರೈತನನ್ನು ದೂರುವುದು ನ್ಯಾಯವಲ್ಲ. ಒಣಬೇಸಾಯದಲ್ಲಿ ಕೈಗೆ ಹಣ ತಂದುಕೊಡುವ ಬೆಳೆಗಳು ಎಷ್ಟಿವೆ? ಹೊಗೆಸೊಪ್ಪಿಗೆ ಇರುವಂತಹ ವ್ಯವಸ್ಥಿತ ಮಾರುಕಟ್ಟೆಯನ್ನು ರಾಗಿಗೂ ದ್ವಿದಳ ಧಾನ್ಯಗಳಿಗೂ ಒದಗಿಸಿದ ಮೇಲೆಯೇ, ಬೆಳೆ ಬದಲಿಸೆಂದು ಅವನಿಗೆ ಹೇಳುವ ಅಧಿಕಾರ ನಮಗೆ ಬರುತ್ತದೆ.

ನೆಲಕ್ಕಿಂತ ದೊಡ್ಡ ಸಂಪತ್ತು ಜನ. ತಾಯ್ನಾಡನ್ನು ತೊರೆದು ಬಂದ ಟಿಬೆಟನ್ನರಿಗೆ 1960–61ರಲ್ಲಿ ಅಂದಿನ ಮೈಸೂರು ಸರ್ಕಾರವು ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. ಹಿಮದ ನಾಡಿನಿಂದ ಬಂದವರು ಅಪರಿಚಿತ ಸೆಕೆಯಲ್ಲಿ ದುಡಿದು, ಕಾಡನ್ನು ಕಡಿದು, ಮುಸುಕಿನ ಜೋಳ ಬೆಳೆದರು. ಶಾಲೆಗಳನ್ನೂ ಸಹಕಾರ ಸಂಘವನ್ನೂ ವಿಹಾರಗಳನ್ನೂ ಕಟ್ಟಿದರು. ಭೂಮಿ, ನೆರವು, ಒಗ್ಗಟ್ಟು ಈ ಮೂರೂ ಸೇರಿದರೆ ನಿರ್ಗತಿಕರೂ ಸ್ವಾವಲಂಬಿಗಳಾಗಬಲ್ಲರೆಂಬುದಕ್ಕೆ ಅವರೇ ಸಾಕ್ಷಿ.

ಇದೇ ಸೀಮೆಯ ಹಾಡಿಗಳಲ್ಲಿ ಬಾಳುವ ಜೇನುಕುರುಬರ ಕಥೆ ಬೇರೆ. ಕಾಡನ್ನು ಅವರಷ್ಟು ಬಲ್ಲವರಿಲ್ಲ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಲವು ಹಳ್ಳಿಗಳೂ ಕಾಡೂ ಮುಳುಗಿದವು. ನೀರು ನಂಜನಗೂಡು, ನರಸೀಪುರಗಳ ಕಡೆಗೆ ಹರಿದು ಹಸುರನ್ನು ತಂದಿತು. ನೆಲೆ ಕಳೆದುಕೊಂಡವರಿಗೆ ಆ ಹಸುರಿನ ಪಾಲು ಸಿಕ್ಕಲಿಲ್ಲ. ವನ್ಯಮೃಗಗಳ ರಕ್ಷಣೆಗೆಂದೂ ಅನೇಕ ಕುಟುಂಬಗಳು ಕಾಡನ್ನು ಬಿಡಬೇಕಾಯಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1974ರಲ್ಲಿ ಉಳುವವನಿಗೇ ಭೂಮಿಯೆಂಬ ಶಾಸನವು ಜಾರಿಗೆ ಬಂದಿತು. ಅದು ಮಹತ್ಕಾರ್ಯ. ಆದರೆ ಅದು ಗೇಣಿದಾರನ ಹಕ್ಕನ್ನು ಕುರಿತದ್ದು. ಯಾರ ಹೊಲವನ್ನೂ ಗೇಣಿಗೆ ಹಿಡಿಯದ ಕಾಡಿನ ಜನರನ್ನು ಅದು ಮುಟ್ಟುವಂತಿರಲಿಲ್ಲ. ಅವರ ಹಕ್ಕನ್ನು ಗುರುತಿಸುವ ಕಾನೂನು ಬರಲು 2006ರವರೆಗೆ ಕಾಯಬೇಕಾಯಿತು.

ಹೊರಗಿನಿಂದ ಬಂದವರಿಗೆ ನಾವು ತೋರಿದ ಔದಾರ್ಯ ತಪ್ಪಲ್ಲ. ಅದು ನಾಡಿನ ಹಿರಿಮೆ. ಆದರೆ ಅತಿಥಿಗೆ ಎಡೆ ಹಾಕಿದ ಮನೆಯು ತನ್ನ ಮಕ್ಕಳನ್ನು ಉಪವಾಸ ಕೆಡವಬಾರದು. ಬೈಲಕುಪ್ಪೆಯಲ್ಲಿ ಫಲಿಸಿದ ಮಾರ್ಗವು ಹಾಡಿಗಳಲ್ಲಿಯೂ ಫಲಿಸದಿರಲು ಕಾರಣವಿಲ್ಲ. ಭೂಮಿಯನ್ನು ಕೊಡಬೇಕು, ಕಾಡಿನ ಉತ್ಪನ್ನದಲ್ಲಿ ಪಾಲು ಕೊಡಬೇಕು, ಶಾಲೆಯನ್ನು ಹಾಡಿಯ ಹತ್ತಿರಕ್ಕೆ ಒಯ್ಯಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅವರ ಮಾತನ್ನು ಕೇಳಬೇಕು.

ನದಿ, ಮಣ್ಣು, ಮರಗಳು ಪ್ರಕೃತಿಯ ಕೊಡುಗೆ. ಅವನ್ನು ನ್ಯಾಯವಾಗಿ ಹಂಚಿಕೊಳ್ಳುವುದು ಮನುಷ್ಯರ ಹೊಣೆ. ಆ ಹಂಚಿಕೆಯಲ್ಲಿ ಕಟ್ಟಕಡೆಯ ಹಾಡಿಗೂ ಪಾಲು ದೊರೆತ ದಿನ ಈ ಸೀಮೆಯನ್ನು ನಿಜವಾಗಿ ಸಂಪದ್ಭರಿತವೆಂದು ಕರೆಯಬಹುದು.