ಕಲ್ಲಿನ ಕನ್ನಡವನ್ನು ಪರದೆಗೆ ತನ್ನಿ!



ಅಂಗಡಿ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ನಾವು ರೊಚ್ಚಿಗೇಳುತ್ತೇವೆ. ಏಳಲೇಬೇಕು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಗುಡಿ, ಹೊಲ, ಬೆಟ್ಟಗಳಲ್ಲಿ ಮಳೆ ಬಿಸಿಲಿಗೆ ಸವೆಯುತ್ತಿರುವ ಶಾಸನಗಳ ಕನ್ನಡಕ್ಕೆ ನಾವು ಏನು ಮಾಡಿದ್ದೇವೆ?

ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ೧೯೦೪ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ೧೨ನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಆ ಪುಸ್ತಕ ಈಗ ಸ್ಕ್ಯಾನ್ ಆಗಿ ಕಂಪ್ಯೂಟರಿಗೂ ಬಂದಿದೆ. ಸಂತೋಷ. ಆದರೆ ಸ್ಕ್ಯಾನ್ ಎಂದರೆ ಚಿತ್ರ! ಯಂತ್ರ ಓದಿಕೊಟ್ಟರೂ ತಪ್ಪು ತಿದ್ದಲು ಮನುಷ್ಯನ ಕಣ್ಣೇ ಬೇಕು. ಕಲ್ಲಿನ ಫೋಟೋ ಆದರಂತೂ ಕೇಳಲೇಬೇಡಿ.

ಇಲ್ಲಿ ನಿಮ್ಮ ಕೆಲಸವಿದೆ. ಆಫೀಸಿನಲ್ಲಿ ದಿನವಿಡೀ ಬಳಸುವ ವಿಎಸ್ ಕೋಡ್ ತೆರೆಯಿರಿ. ಒಂದು ಕಡೆ ಶಾಸನದ ಫೋಟೋ, ಇನ್ನೊಂದು ಕಡೆ ಪಠ್ಯ ಇಟ್ಟುಕೊಳ್ಳಿ. ನೀವು ಹತ್ತನೇ ಸಾಲು ಟೈಪ್ ಮಾಡುವಾಗಲೂ ಚಿತ್ರ ಮೊದಲನೇ ಸಾಲಿನಲ್ಲೇ ನಿಂತಿರುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಪುಟದ ಚಿತ್ರವೂ ಪಠ್ಯವೂ ಅಕ್ಕಪಕ್ಕ ಕೂರುತ್ತವೆ. ಅಚ್ಚಿನ ಪುಟಕ್ಕೆ ಅದು ಸಾಕು, ಸವೆದ ಕಲ್ಲಿಗೆ ಸಾಲದು.

ಎಡಿಟರಿನಲ್ಲಿ ಚಿತ್ರ ತೋರಿಸುವ ಎಕ್ಸ್‌ಟೆನ್ಷನ್‌ಗಳಲ್ಲಿ ಮುಕ್ತ ತಂತ್ರಾಂಶಗಳೂ ಇವೆ. ಅವನ್ನು ತಿದ್ದುವ ಹಕ್ಕು ನಿಮಗಿದೆ. ಏನೇನು ತಿದ್ದಬೇಕು?

ಮೊದಲನೆಯದು, ಸಾಲಿಗೆ ಸಾಲು ಜೋಡಣೆ. ಕರ್ಸರ್ ಹೋದಲ್ಲಿಗೆ ಚಿತ್ರವೂ ಸರಿಯಬೇಕು. ಎರಡನೆಯದು, ಬೆಳಕು. ಸವೆದ ಅಕ್ಷರ ಓರೆ ಬಿಸಿಲಿನಲ್ಲೇ ಚೆನ್ನಾಗಿ ಎದ್ದು ಕಾಣುವುದು. ಒಂದೇ ಕಲ್ಲಿನ ಬೆಳಗಿನ ಫೋಟೋ, ಸಂಜೆಯ ಫೋಟೋ ಒಂದೇ ಜಾಗದಲ್ಲಿ ಬದಲಾಯಿಸಿ ನೋಡುವಂತಿರಬೇಕು. ಮೂರನೆಯದು, ಅನುಮಾನದ ಅಕ್ಷರಕ್ಕೆ ಗುರುತು. ನಮ್ಮ ಊಹೆಯನ್ನು ಶಾಸನದ ಮಾತೆಂದು ದಾಟಿಸುವುದು ಕನ್ನಡಕ್ಕೆ ಮಾಡುವ ದ್ರೋಹ! ನಾಲ್ಕನೆಯದು, ಊರ ಹೆಸರು. ರೈಸ್ ಅವರ ಪುಸ್ತಕದಲ್ಲಿ ಮಧುಗಿರಿ ಇರುವುದು ಮದ್ದಗಿರಿ ಎಂದು. ಯಾವ ಹೆಸರಿನಲ್ಲಿ ಹುಡುಕಿದರೂ ಸಿಗಬೇಕು. ಕೊನೆಯದು, ಮೆನು ಕನ್ನಡದಲ್ಲಿರಬೇಕು. ಶಿರಾದ ಕಾಲೇಜು ಹುಡುಗಿಗೂ ಕೊರಟಗೆರೆಯ ಮೇಷ್ಟ್ರಿಗೂ ಅದು ದಕ್ಕಬೇಕು.

ಪಠ್ಯ ಮಾತ್ರ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ನಿಲ್ಲುತ್ತದೆ.

ಐದನ್ನೂ ಒಟ್ಟಿಗೆ ಹಿಡಿದು ಯಾವುದನ್ನೂ ಮುಗಿಸದೆ ಕೈಬಿಡಬೇಡಿ. ಅದು ನಮ್ಮ ಹಳೇ ಚಾಳಿ! ಮೊದಲನೆಯದನ್ನು ಮುಗಿಸಿ. ತಾಲ್ಲೂಕಿಗೊಂದರಂತೆ ನಾಲ್ಕು ಶಾಸನ ಆರಿಸಿ, ಹಳಗನ್ನಡ ಓದಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲೇ ನಿಮ್ಮ ಮುಂದಿನ ಕೆಲಸ.

ಪಾವಗಡದ ಸುತ್ತ ಬಹುಪಾಲು ಆಂಧ್ರದ ಗಡಿ. ಅಲ್ಲಿನ ನೆಲದಲ್ಲಿ ಕನ್ನಡ ಎಷ್ಟು ಹಳೆಯದು ಎಂದು ನಾಳೆ ಯಾರಾದರೂ ಕೇಳಿದರೆ ಉತ್ತರ ಹೇಳಬೇಕಾದದ್ದು ನಿಡಗಲ್ಲು ಬೆಟ್ಟದ ಶಾಸನಗಳು. ಅಕ್ಷರ ಅಳಿದ ಕಲ್ಲು ಸಾಕ್ಷಿ ಹೇಳುವುದಿಲ್ಲ.

ಕೋಡ್ ಬರೆದು ಲೋಕಕ್ಕೆಲ್ಲ ದುಡಿಯುವ ಕನ್ನಡದ ಹುಡುಗ ಹುಡುಗಿಯರೇ, ವಾರಕ್ಕೆ ಒಂದು ಭಾನುವಾರ ನಿಮ್ಮ ನುಡಿಗೆ ಕೊಡಿ!