ನಳ ಎಣಿಸಿದ ಪಾಪ

ಪ್ರತಿ ವರ್ಷ ಸಂಕ್ರಾಂತಿ ದಾಟಿದ ಮೇಲೆ ಧಾರವಾಡದ ನಮ್ಮ ಮನೆಯ ಕಟ್ಟೆಗೆ ನಾಲ್ಕಾರು ಎಂ.ಎ. ಹುಡುಗ ಹುಡುಗಿಯರು ಬರುತ್ತಾರೆ. ನಾನು ನಿವೃತ್ತನಾಗಿ ಎಷ್ಟೋ ವರ್ಷಗಳಾದರೂ ಅವರ ಪಾಲಿಗೆ ಇನ್ನೂ ಸಂಶೋಧನಾ ವಿಧಾನ ಕಲಿಸುವ ಮಾಸ್ತರ. ಕೈಯಲ್ಲಿ ಪ್ರಶ್ನಾವಳಿ ಇರುತ್ತದೆ. ವಿಷಯ: ‘ನಗರದ ಸಮಸ್ಯೆಗಳು, ಒಂದು ಅಧ್ಯಯನ’. ಯಾವ ಸಮಸ್ಯೆ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎಷ್ಟು ಮನೆ ಎಂದು ಕೇಳಿದರೆ ಮಾತ್ರ ಉತ್ತರ ಸಿದ್ಧ: ನೂರು. ಯಾಕೆ ನೂರು?

“ಪರ್ಸೆಂಟೇಜ್ ತಗೀಲಿಕ್ಕೆ ಸಲೀಸ ಆಗತೈತ್ರೀ ಸರ್.”

ಮೊದಮೊದಲು ಈ ಉತ್ತರಕ್ಕೆ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ತಪ್ಪು ಆ ಹುಡುಗರದಲ್ಲ, ಕಲಿಸಿದ ನಮ್ಮದು. ಯಾದೃಚ್ಛಿಕ ಮಾದರಿ ಎಂದರೇನು ಎಂದು ಬರೆದರೆ ಐದು ಅಂಕ, ಅದರ ಗುಣದೋಷ ಬರೆದರೆ ಹತ್ತು ಅಂಕ ಕೊಟ್ಟವರು ನಾವು. ಒಂದು ಓಣಿಯ ಮನೆಗಳನ್ನೆಲ್ಲ ಪಟ್ಟಿ ಮಾಡಿ ಚೀಟಿ ಎತ್ತಿ ನೋಡು ಎಂದು ಅವರನ್ನು ಬಿಸಿಲಿಗೆ ಅಟ್ಟಿದವರು ನಮ್ಮಲ್ಲಿ ಕಡಿಮೆ. ಹೊಲ ನೋಡದವನಿಗೆ ಉಳುಮೆಯ ವ್ಯಾಖ್ಯೆ ಬಾಯಿಪಾಠ ಮಾಡಿಸಿದ ಹಾಗಾಯಿತು ಇದು. ಇಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಈ ವಿದ್ಯೆ ಪರೀಕ್ಷೆಯ ಕೊಠಡಿಯಲ್ಲಿ ಉಳಿಯುವುದಿಲ್ಲ. ನಾಳೆ ಇದೇ ಹುಡುಗರು ಸಮೀಕ್ಷೆ ಮಾಡುತ್ತಾರೆ, ವರದಿ ಬರೆಯುತ್ತಾರೆ, ಆ ವರದಿ ನೋಡಿ ಯಾರೋ ಪೈಪು ಹಾಕಿಸುತ್ತಾರೆ ಅಥವಾ ಹಾಕಿಸುವುದಿಲ್ಲ. ಇದು ನನಗೆ ಹೇಗೆ ಗೊತ್ತು ಎಂದರೆ, ನಾನೇ ಹಾಗೆ ಮಾಡಿದವನು.

1994ರ ಬೇಸಿಗೆ. ಒಂದು ಕಚೇರಿಗೆ ಹುಬ್ಬಳ್ಳಿಯ ಕೆಲವು ಕೊಳಗೇರಿಗಳ ಸೌಲಭ್ಯಗಳ ಮಾಹಿತಿ ಬೇಕಾಗಿತ್ತು. ನಾನು, ನನ್ನ ನಾಲ್ವರು ವಿದ್ಯಾರ್ಥಿಗಳು ಹೊರಟೆವು. ನಮೂನೆಯಲ್ಲಿ ಒಂದು ಕಾಲಮ್ಮು: ‘ಸಾರ್ವಜನಿಕ ನಳ: ಇದೆ / ಇಲ್ಲ’. ಎರಡು ದಿನ ಮನೆಮನೆ ತಿರುಗಿದೆವು. ಮೂರನೆಯ ದಿನ ಬಿಸಿಲು ತಡೆಯಲಾಗದೆ ಬೇವಿನ ಗಿಡದ ನೆರಳಿಗೆ ಕೂತೆವು. ಓಣಿಯ ಪುಢಾರಿಯೊಬ್ಬ ಚಹಾ ತರಿಸಿದ, ಉಳಿದ ಮನೆಗಳ ವಿವರವನ್ನು ಕೂತಲ್ಲೇ ಹೇಳಿದ. ನಳ ಕಣ್ಣೆದುರಿಗೇ ನಿಂತಿತ್ತು. ‘ಇದೆ’ ಎಂಬಲ್ಲಿ ಗುರುತು ಹಾಕಿದೆವು.

ದೀಪಾವಳಿಯ ಹೊತ್ತಿಗೆ ವಿದ್ಯಾರ್ಥಿಯೊಬ್ಬನನ್ನು ನೋಡಲು ಅದೇ ಓಣಿಗೆ ಹೋದೆ. ಎರಡು ಕೊಡ ಹೊತ್ತು ದೂರದಿಂದ ಬರುತ್ತಿದ್ದ ಹೆಂಗಸೊಬ್ಬಳು ಗುರುತು ಹಿಡಿದು ನಿಂತಳು.

“ಮಾಸ್ತರ್ರ, ನಳಾ ಐತೇನು ಅಂತ ಕೇಳಿ ಬರಕೊಂಡು ಹೋದ್ರಿ. ನೀರು ಬರತೈತೇನು ಅಂತ ಯಾಕ ಕೇಳಲಿಲ್ರೀ?”

ಆ ನಳಕ್ಕೆ ನೀರು ಬಂದು ಮೂರು ವರ್ಷವಾಗಿತ್ತಂತೆ. ನಮ್ಮ ವರದಿಯಲ್ಲಿ ‘ಇದೆ’ ಎಂದಿದ್ದರಿಂದ ಹೊಸ ಪೈಪು ಬೇರೆ ಓಣಿಗೆ ಹೋಗಿತ್ತು. ತಿದ್ದುಪಡಿ ಬರೆದುಕೊಡುತ್ತೇನೆಂದು ಕಚೇರಿಗೆ ಹೋದೆ. “ವರದಿ ಮಂಜೂರಾಗೇತ್ರೀ ಸರ್, ಈಗ ಏನೂ ಮಾಡಾಕ ಬರಂಗಿಲ್ಲ” ಎಂದರು. ನಾನೂ ಸುಮ್ಮನಾದೆ. ಗೌರವಧನದ ಚೆಕ್ಕು ಅಷ್ಟರಲ್ಲಿ ಕೈಸೇರಿತ್ತು.

ಈ ಕಥೆ ಒಬ್ಬ ಸೋಮಾರಿ ಮಾಸ್ತರನದು ಎಂದು ತಳ್ಳಿಹಾಕಬೇಡಿ. ದೇಶದ ದೊಡ್ಡ ಎಣಿಕೆಯನ್ನೇ ನೋಡಿ. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಕುಡಿಯುವ ನೀರಿನ ಮೂಲ ಯಾವುದು, ಅದು ಮನೆಯ ಆವರಣದಲ್ಲಿದೆಯೋ, ಹತ್ತಿರವೋ, ದೂರವೋ ಎಂದು ಕೇಳಿದರು. ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ತಾಸು ಬರುತ್ತದೆ ಎಂದು ಕೇಳಲಿಲ್ಲ. ದಿನವಿಡೀ ನೀರಿದ್ದ ಮನೆಯೂ, ವಾರಕ್ಕೊಮ್ಮೆ ನಡುರಾತ್ರಿ ಎದ್ದು ಬ್ಯಾರಲ್ ತುಂಬಿಸಿಕೊಳ್ಳುವ ಮನೆಯೂ ಒಂದೇ ಸಾಲಿನಲ್ಲಿ ಕೂತವು. ಅದೇ ಗಣತಿಯ ಲೆಕ್ಕದಲ್ಲಿ ಕೊಳಗೇರಿ ಎನಿಸಿಕೊಳ್ಳಬೇಕಾದರೆ ಕನಿಷ್ಠ 300 ಜನ ಅಥವಾ 60ರಿಂದ 70 ಮನೆ ಒತ್ತೊತ್ತಾಗಿರಬೇಕು. ಗಟಾರದ ಪಕ್ಕ ನಲವತ್ತು ಗುಡಿಸಲಿದ್ದರೆ ಆ ಲೆಕ್ಕದಲ್ಲಿ ಅದು ಕೊಳಗೇರಿಯಲ್ಲ. ಎಣಿಸುವವನಿಗೆ ಎಲ್ಲೋ ಒಂದು ಗೆರೆ ಬೇಕು ನಿಜ. ಆದರೆ ಗೆರೆಯ ಆಚೆ ಉಳಿದವರು ಯಾರು ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾದವನೂ ಎಣಿಸುವವನೇ. 2021ರಲ್ಲಿ ಆಗಬೇಕಿದ್ದ ಜನಗಣತಿಯಂತೂ ಆ ವರ್ಷ ನಡೆಯಲೇ ಇಲ್ಲ.

ಹಾಗಾದರೆ ಸರಿಯಾದ ಅಧ್ಯಯನ ಹೇಗಿರುತ್ತದೆ? ದೂರ ಹೋಗುವುದು ಬೇಡ. ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂತು. ಉಳಿದ ಊರು ಹಳೆಯಂತೆ ಪಾಳಿಗೆ ಕಾಯುತ್ತಿತ್ತು. ಹೊಸ ನೀರಿನಿಂದ ಮಕ್ಕಳ ಆರೋಗ್ಯ ಸುಧಾರಿಸಿತೇ? ನಮ್ಮ ಪದ್ಧತಿಯಲ್ಲಾದರೆ ನೀರು ಬಂದ ವಾರ್ಡಿಗೆ ಹೋಗಿ “ತೃಪ್ತಿಯಾಗೈತೇನ್ರೀ?” ಎಂದು ಕೇಳಿ, ನೂರಕ್ಕೆ ಇಷ್ಟು ಜನ ಹೌದೆಂದರು ಎಂದು ವರದಿ ಮುಗಿಸುತ್ತಿದ್ದೆವು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಹಾಗೆ ಮಾಡಲಿಲ್ಲ. 24 ತಾಸು ನೀರಿನ ಎಂಟು ವಾರ್ಡುಗಳಿಗೆ ಎಲ್ಲದರಲ್ಲೂ ಆದಷ್ಟು ಹೋಲುವ, ಆದರೆ ಪಾಳಿಯ ನೀರಿನ ಎಂಟು ವಾರ್ಡುಗಳನ್ನು ಜೋಡಿಸಿದರು. ಐದು ವರ್ಷದೊಳಗಿನ ಮಕ್ಕಳಿದ್ದ ಸುಮಾರು ನಾಲ್ಕು ಸಾವಿರ ಮನೆಗಳಿಗೆ ಒಮ್ಮೆಯಲ್ಲ, ಬೇರೆಬೇರೆ ಹಂಗಾಮಿನಲ್ಲಿ ಮತ್ತೆ ಮತ್ತೆ ಹೋದರು. ಮಳೆಗಾಲದ ಬೇನೆ ಬೇಸಿಗೆಯ ಬೇನೆಯಲ್ಲ ಎಂಬುದು ನಮ್ಮ ಅಜ್ಜಿಗೂ ಗೊತ್ತಿದ್ದ ಮಾತು, ನಮ್ಮ ಪ್ರಶ್ನಾವಳಿಗೆ ಮಾತ್ರ ಗೊತ್ತಿಲ್ಲ.

2015ರಲ್ಲಿ ಪ್ರಕಟವಾದ ಅವರ ಉತ್ತರ ಯಾರಿಗೂ ಪೂರ್ತಿ ಹಿತವಾಗುವಂಥದಲ್ಲ. ಒಟ್ಟಾರೆ ನೋಡಿದರೆ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ರಕ್ತಭೇದಿ, ಟೈಫಾಯಿಡ್ ಕಡಿಮೆಯಿದ್ದವು. ನಳದ ಬಾಯಲ್ಲಿ ಹಿಡಿದ ನೀರು 24 ತಾಸಿನ ವಾರ್ಡುಗಳಲ್ಲಿ ಬಹಳ ಶುದ್ಧವಿತ್ತು. ಆದರೆ ಅಲ್ಲಿಯೂ ಜನ ನೀರು ತುಂಬಿಡುವ ಹಳೆಯ ರೂಢಿಯನ್ನು ಪೂರ್ತಿ ಬಿಟ್ಟಿರಲಿಲ್ಲ. ತುಂಬಿಟ್ಟ ನೀರಿಗೆ ನಳದ ಬಾಯಿಯ ಶುದ್ಧಿ ಉಳಿಯುವುದಿಲ್ಲ. ಯೋಜನೆಯನ್ನು ಹೊಗಳುವವರಿಗೂ ತೆಗಳುವವರಿಗೂ ಇದರಿಂದ ಘೋಷಣೆ ಸಿಗುವುದಿಲ್ಲ. ನಳದವರೆಗೆ ನೋಡಿದರೆ ಸಾಲದು, ಕೊಡದವರೆಗೆ ಹೋಗಿ ನೋಡಬೇಕು ಎಂಬ ಬುದ್ಧಿ ಸಿಗುತ್ತದೆ. ಮೌಲ್ಯಮಾಪನ ಎಂದರೆ ಇದು. ಹೋಲಿಕೆಯಿಲ್ಲದೆ ಕೊಡುವ ಮಾರ್ಕ್ಸ್ ಕಾರ್ಡು ಮೌಲ್ಯಮಾಪನವಲ್ಲ. ನಮ್ಮ ಓಣಿಯ ನೀರಿನ ಮೇಲೆ ನಡೆದ ಈ ಕೆಲಸ ನನ್ನ ಕಟ್ಟೆಗೆ ಬಂದ ಹುಡುಗರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾಚಿಕೆಪಡಬೇಕಾದವರು ಯಾರು?

ಪರದೇಶದವರೇ ಮಾಡಬೇಕೆಂದೇನೂ ಇಲ್ಲ. ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಮತ್ತು ಅವರ ಪಬ್ಲಿಕ್ ಅಫೇರ್ಸ್ ಸೆಂಟರ್ 1990ರ ದಶಕದಲ್ಲಿ ನಾಗರಿಕರಿಂದಲೇ ನೀರು, ವಿದ್ಯುತ್ತು, ದೂರವಾಣಿಯಂಥ ಇಲಾಖೆಗಳಿಗೆ ಅಂಕ ಹಾಕಿಸಿತು. ಅದರ ನಿಜವಾದ ಗಟ್ಟಿತನವಿದ್ದದ್ದು 1999ರಲ್ಲೂ 2003ರಲ್ಲೂ ಅದನ್ನೇ ಮತ್ತೆ ಅಳೆದದ್ದರಲ್ಲಿ. ಒಂದು ಸಲ ಅಳೆದರೆ ಸುದ್ದಿ, ಅದೇ ಗಜಕಡ್ಡಿಯಿಂದ ಮತ್ತೆ ಅಳೆದರೆ ಲೆಕ್ಕ.

ಈಗ ನನ್ನ ಸಾಹಿತಿ ಗೆಳೆಯರಿಗೆ ಒಂದು ಮಾತು. ಅವರಿಗೆ ಅಂಕಿ-ಅಂಶ ಎಂದರೆ ಮೈಲಿಗೆ. “ಬಡವರ ನೋವು ಎಣಿಸಲಿಕ್ಕೆ ಬರತದೇನು?” ಎಂದು ಕೇಳುತ್ತಾರೆ. ನೋವು ಎಣಿಸಲಿಕ್ಕೆ ಬರುವುದಿಲ್ಲ, ಒಪ್ಪಿದೆ. ನೀರಿಲ್ಲದ ದಿನಗಳನ್ನು ಎಣಿಸಲಿಕ್ಕೆ ಬರುತ್ತದಲ್ಲ? ನಾವು ಎಣಿಸುವುದಿಲ್ಲ ಎಂದು ಕೈತೊಳೆದುಕೊಂಡರೆ ಎಣಿಕೆ ನಿಲ್ಲುವುದಿಲ್ಲ. ಬೇವಿನ ನೆರಳಿನಲ್ಲಿ ಕೂತವನು ಎಣಿಸುತ್ತಾನೆ. ಆ ಹೆಂಗಸು ನನ್ನ ಮುಂದೆ ಕಣ್ಣೀರಿಡಲಿಲ್ಲ. ಪ್ರಶ್ನೆ ತಪ್ಪಾಗಿದೆ ಎಂದಳು. ಸಂಶೋಧನಾ ವಿಧಾನದ ಮೇಲೆ ನಾನು ಓದಿದ ಪುಸ್ತಕಗಳಲ್ಲಿ ಯಾವುದೂ ಅಷ್ಟು ಚಿಕ್ಕದಾಗಿ ಅಷ್ಟನ್ನು ಹೇಳಲಿಲ್ಲ.

ನಗರ ಯೋಜನೆಯ ಹಿರಿಯ ಪ್ಯಾಟ್ರಿಕ್ ಗೆಡ್ಡೆಸ್ 1915ರ ಸುಮಾರಿಗೆ ಮದ್ರಾಸ್ ಪ್ರಾಂತದ ಊರುಗಳನ್ನು ನೋಡುತ್ತ ನಮ್ಮ ಬಳ್ಳಾರಿಗೂ ಬಂದಿದ್ದ. ಮದ್ದಿಗಿಂತ ಮೊದಲು ರೋಗ ತಿಳಿಯಬೇಕು, ಅದಕ್ಕೆ ಊರನ್ನು ನಡೆದು ನೋಡಬೇಕು ಎಂಬುದು ಅವನ ಹಟ. ಶತಮಾನ ದಾಟಿದರೂ ನಮ್ಮ ವಿದ್ಯಾರ್ಥಿ ಮೊದಲು ಪ್ರಶ್ನಾವಳಿ ಟೈಪು ಮಾಡಿಸಿ ಆಮೇಲೆ ಊರಿಗೆ ಹೋಗುತ್ತಾನೆ.

ಹೀಗಾಗಿ ಕಟ್ಟೆಗೆ ಬಂದವರಿಗೆ ನಾನೀಗ ಮೂರೇ ಕೆಲಸ ಹೇಳುತ್ತೇನೆ. ಪ್ರಶ್ನಾವಳಿ ಇಲ್ಲಿಟ್ಟು ಹೋಗಿ, ಮೂರು ದಿನ ನಳದ ಹತ್ತಿರ ಕೂತು ಬನ್ನಿ. ಹೊತ್ತು ಹೊರಡುವ ಮುನ್ನ ಒಂದು ದಿನ, ರಾತ್ರಿ ಒಂದು ದಿನ. ಕದ ತೆರೆಯದ ಮನೆಗಳ ಪಟ್ಟಿ ಮಾಡಿ. ಕೂಲಿಗೆ ಹೋದವರು, ಬಾಡಿಗೆಯವರು ಅಲ್ಲೇ ಇರುತ್ತಾರೆ, ಅವರಿಗಾಗಿ ಮತ್ತೆ ಹೋಗಿ. ಬರೆದದ್ದನ್ನು ಅದೇ ಓಣಿಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ತಪ್ಪೆಂದವರ ಮಾತನ್ನು ವರದಿಯಲ್ಲಿ ಸೇರಿಸಿ.

ಹೋದ ವರ್ಷ ಹಾಗೆ ಕಳಿಸಿದ ಆರು ಮಂದಿಯಲ್ಲಿ ನಾಲ್ವರು ಮರಳಿ ಬರಲಿಲ್ಲ. ಬೇರೆ ಗೈಡ್ ಹತ್ತಿರ ಹೋದರಂತೆ, ಅಲ್ಲಿ ನೂರು ಮನೆ ಸಾಕಂತೆ. ಇಬ್ಬರು ಹುಡುಗಿಯರು ಬಂದರು. ಒಬ್ಬಳು ತನ್ನ ಪ್ರಶ್ನಾವಳಿಯನ್ನು ವಾಪಸು ಕೇಳಿದಳು. ಕೊಟ್ಟೆ. ಕಟ್ಟೆಯ ಮೇಲೆ ಕೂತು, ಹದಿನೆಂಟು ಪ್ರಶ್ನೆಗಳಲ್ಲಿ ಹದಿನಾಲ್ಕನ್ನು ತಾನೇ ಹೊಡೆದುಹಾಕಿದಳು.