ಸುತ್ತಳತೆಯೂ ವಿಸ್ತೀರ್ಣವೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಭಕ್ತರ ಮನೆಗಳಲ್ಲಿ ಪಾಲಿನ ಮಾತು ಬಂದಾಗ, ಸುತ್ತಳತೆ ಸಮವಾದರೆ ಪಾಲೂ ಸಮವೆಂದು ನಂಬುವವರನ್ನು ನಾವು ಕಂಡಿದ್ದೇವೆ. ಅದು ಸರಿಯಲ್ಲ. 30 ಅಡಿ ಉದ್ದ, 30 ಅಡಿ ಅಗಲದ ಮನೆಗೂ 40 ಅಡಿ ಉದ್ದ, 20 ಅಡಿ ಅಗಲದ ಮನೆಗೂ ಸುತ್ತಳತೆ 120 ಅಡಿಯೇ. ಉದ್ದ ಅಗಲಗಳನ್ನು ಗುಣಿಸಿದರೆ ಮೊದಲನೆಯದು 900 ಚದರ ಅಡಿ, ಎರಡನೆಯದು 800. ತಮ್ಮನ ಪಾಲಿನಲ್ಲಿ ಒಂದು ಕೋಣೆಯೇ ಮಾಯವಾಯಿತು!

ಇನ್ನೂ ಒಂದು ಸೂಕ್ಷ್ಮವುಂಟು. ಹಳೆಯ ಮಣ್ಣಿನ ಗೋಡೆ 2 ಅಡಿ ದಪ್ಪವಿದ್ದರೆ, ಹೊರಗೆ 40ಕ್ಕೆ 30 ಅಡಿಯಿರುವ ಮನೆಯು ಒಳಗೆ 36ಕ್ಕೆ 26 ಮಾತ್ರ. 1200ರಲ್ಲಿ 264 ಚದರ ಅಡಿಯನ್ನು ಹೊರಗೋಡೆಗಳೇ ನುಂಗಿರುತ್ತವೆ. ಆದುದರಿಂದ ವಾಟ್ನಿಪತ್ರದಲ್ಲಿ ಅಳತೆ ಒಳಗಿನದೋ ಹೊರಗಿನದೋ, ನಡುಗೋಡೆ ಯಾರದು ಎಂಬುದನ್ನು ಬರೆಯಿಸದೆ ರುಜು ಹಾಕಬಾರದು.

ಶರಣರು ಬಾಳಿದ 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ಕ್ಷೇತ್ರಗಣಿತ'ವನ್ನು ಕನ್ನಡದಲ್ಲಿ ರಚಿಸಿದನು. ಈ ವಿದ್ಯೆ ನಮ್ಮ ನುಡಿಗೆ ಹೊಸತಲ್ಲ. ಮನೆಯ ಹೆಣ್ಣುಮಕ್ಕಳಿಗೂ ಇದನ್ನು ಕಲಿಸಿರಿ. 2005ರ ತಿದ್ದುಪಡಿಯ ತರುವಾಯ ಹಿರಿಯರ ಮನೆಯಲ್ಲಿ ಮಗಳ ಪಾಲು ಮಗನ ಪಾಲಿಗೆ ಸಮ.